ಹಸಿ ಇದ್ದಾಗ ಅಲ್ಲಾ, ಒಣಗಿದ ಮೇಲೆ ಶುಂಠಿ: ನನ್ನ ಮೂರು ಚಳಿಗಾಲ

ನಮ್ಮ ಬೀದರ್ ಕಡೆ ಹಸಿ ಇದ್ದಾಗ ಅದಕ್ಕೆ ಅಲ್ಲಾ ಅಂತೀವಿ, ಒಣಗಿದ ಮೇಲೆ ಶುಂಠಿ. ಹೆಸರು ಬದಲಾಗೋಕೆ ಹತ್ತು ದಿನ ಬಿಸಿಲು ಬಿದ್ದರೆ ಸಾಕು, ಅದರಲ್ಲೇನು ದೊಡ್ಡ ವಿದ್ಯೆ ಅಂತ ನಾನೂ ಅಂದುಕೊಂಡಿದ್ದೆ. ಎರಡನೇ ವರ್ಷ 15 ಕಿಲೋ ಬೂಸ್ಟು ಹಿಡಿದ ಶುಂಠಿ ತಿಪ್ಪೆಗೆ ಸುರಿದು ಬಂದಾಗ ಆ ಭ್ರಮೆ ಬಿಟ್ಟಿತು.

ಹುಮನಾಬಾದ್ ಹತ್ತಿರ ನಮ್ಮದು ಕೆಂಪು ಮಣ್ಣಿನ ಹೊಲ. ಪ್ರತಿ ವರ್ಷ ಒಂದು ಎಕರೆ ಅಲ್ಲಾ ಹಾಕುತ್ತೇನೆ, ಆದರೆ ಅದೇ ಜಾಗದಲ್ಲಿ ಮತ್ತೆ ಹಾಕುವುದಿಲ್ಲ, ಹಾಕಿದರೆ ಕೊಳೆರೋಗ ಗ್ಯಾರಂಟಿ. ಮೊದಲನೇ ವರ್ಷ ಪೂರ್ತಿ ಹಸಿಯಾಗಿಯೇ ಮಾರಿದೆ. ನಾನು ಅಗೆಯುವ ಹೊತ್ತಿಗೆ ಎಲ್ಲರೂ ಅಗೆದಿದ್ದರು, ರೇಟು ಬಿದ್ದಿತ್ತು, ಅದರ ಮೇಲೆ ಅಡತ್ ಅಂಗಡಿಯವರು (ಕಮಿಷನ್ ಮೇಲೆ ಮಾಲು ಮಾರಿಸಿಕೊಡೋರು) ಮಣ್ಣಿದೆ, ತೇವ ಇದೆ ಅಂತ ಚೀಲಕ್ಕೆ ಇಷ್ಟು ಅಂತ ಕಡಿದರು. ವಾಪಸ್ ತರೋ ಹಾಗಿಲ್ಲ. ಹಸಿ ಮಾಲು ಗಾಡಿಯಲ್ಲಿ ಕೂತಷ್ಟೂ ಸುಕ್ಕುತ್ತದೆ ಅನ್ನೋದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಅವತ್ತೇ ತೀರ್ಮಾನ ಮಾಡಿದೆ, ಮುಂದಿನ ಸಲ ಸ್ವಲ್ಪನಾದರೂ ಒಣಗಿಸಿ ಇಟ್ಟುಕೊಳ್ಳಬೇಕು.

ಎರಡನೇ ವರ್ಷ ಮಾಡಿದ ತಪ್ಪುಗಳನ್ನು ಮೊದಲು ಹೇಳಿಬಿಡ್ತೀನಿ. ಎಲೆ ಇನ್ನೂ ಅರೆಹಸಿರು ಇದ್ದಾಗಲೇ, ಸುಮಾರು ಏಳು ತಿಂಗಳಿಗೇ ಅಗೆದೆ. ಹಸಿ ಮಾರುವುದಕ್ಕೆ ಆರು ತಿಂಗಳಿಂದಲೇ ಕೀಳಬಹುದು, ಆಗ ನಾರು ಕಡಿಮೆ, ಗಿರಾಕಿಗೂ ಅದೇ ಬೇಕು. ಒಣಗಿಸಲಿಕ್ಕೆ ಮಾತ್ರ ಎಂಟರಿಂದ ಒಂಬತ್ತು ತಿಂಗಳು ತುಂಬಬೇಕು, ಎಲೆ ಹಳದಿಯಾಗಿ ಕಾಂಡ ನೆಲಕ್ಕೆ ಒರಗಬೇಕು. ಎಳೇದನ್ನು ಒಣಗಿಸಿದರೆ ಒಳಗೆ ಏನೂ ಉಳಿಯೋದಿಲ್ಲ, ಮುದುಕನ ಕೆನ್ನೆ ಥರ ಒಳಕ್ಕೆ ಹೋಗುತ್ತದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ನಾಲ್ಕು ಕ್ವಿಂಟಲ್ ಗಡ್ಡೆಯನ್ನು ಎರಡೇ ದಿನದಲ್ಲಿ ಅಗೆಸಿ ಕಣದಲ್ಲಿ ರಾಶಿ ಹಾಕಿಸಿದೆ. ಕೆಲಸ ಬೇಗ ಮುಗೀತು ಅಂತ ಖುಷಿ. ಸುಲಿಯೋಕೆ ಬಂದವರು ಐದು ಜನ ಹೆಣ್ಮಕ್ಕಳು. ಒಬ್ಬೊಬ್ಬರು ದಿನಕ್ಕೆ 15 ಕಿಲೋ ಸುಲಿದರೆ ಹೆಚ್ಚು. ಲೆಕ್ಕ ಹಾಕಿ ನೋಡಿ, ಐದು ದಿನ ದಾಟುತ್ತದೆ. ಮೂರನೇ ದಿನಕ್ಕೇ ರಾಶಿಯ ಮೇಲಿನ ಗಡ್ಡೆ ಸುಕ್ಕಿ ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿತು, ಕೆಳಗಿನದು ಬೆವೆತು ಮೆತ್ತಗಾಯಿತು. ಗಟ್ಟಿ ಸಿಪ್ಪೆ ತೆಗೆಯೋಕೆ ಎಲ್ಲರೂ ಚಾಕು ಹಿಡಿದರು, ನಾನೂ ಹಿಡಿದೆ. ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ನನ್ನ ಕೈಯನ್ನೇ ನೋಡ್ತಾ ಕೇಳಿದಳು: "ಏ ತಮ್ಮಾ, ಅಲ್ಲಾ ಸುಲಿಲತ್ತೀಯೋ, ಕೊಬ್ರಿ ಹೆರಿಲತ್ತೀಯೋ?"

ಎಲ್ಲರೂ ನಕ್ಕರು. ಆದರೆ ಅವಳು ಹೇಳಿದ್ದು ಸರಿ ಇತ್ತು. ಅಲ್ಲಾದ ಎಣ್ಣೆ ಜಾಸ್ತಿ ಇರೋದು ಹೊರಸಿಪ್ಪೆಯ ಕೆಳಗಡೆ, ತೀರಾ ಮೇಲಿನ ಪದರದಲ್ಲೇ. ಅರ್ಧ ಕಡ್ಡಿ ದಪ್ಪ ಹೆಚ್ಚಿಗೆ ಹೆರೆದರೆ ತೂಕವೂ ಹೋಯಿತು, ವಾಸನೆಯೂ ಹೋಯಿತು. ಕಬ್ಬಿಣದ ಚಾಕು ತಾಗಿದ ಜಾಗ ಕಪ್ಪಾಗುತ್ತದೆ, ಅದು ಬೇರೆ. ದೊಡ್ಡವ್ವ ಬೇಲಿಯಿಂದ ಒಂದು ಬಿದಿರು ಸೀಳು ತಂದು ತುದಿ ಚೂಪು ಮಾಡಿ ತೋರಿಸಿದಳು. ಅದು ಸಿಪ್ಪೆಯನ್ನು ಕೆರೆಯುತ್ತದೆ, ತಿರುಳಿಗೆ ಇಳಿಯುವುದಿಲ್ಲ. ಸ್ಟೀಲ್ ಚಮಚದ ಅಂಚಿನಿಂದಲೂ ಆಗುತ್ತದೆ, ಈಗ ನಮ್ಮಲ್ಲಿ ಎರಡೂ ಬಳಸ್ತಾರೆ.

ಆಮೇಲೆ ಒಣಗಿಸೋದು. ಕಣದಲ್ಲಿ ಕರಿ ತಾಡಪತ್ರಿ ಹಾಸಿ ದಪ್ಪಗೆ ಹರವಿದೆ. ಹಗಲು ಬಿಸಿಲು ಚೆನ್ನಾಗಿತ್ತು. ರಾತ್ರಿ ಮುಚ್ಚಲಿಲ್ಲ. ಬೀದರ್ ಚಳಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ರಾಜ್ಯದಲ್ಲೇ ಜಾಸ್ತಿ ಚಳಿ ಬೀಳುವ ಊರುಗಳಲ್ಲಿ ನಮ್ಮದೂ ಒಂದು. ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿಗೆ ತಾಡಪತ್ರಿ ಮೇಲೆಲ್ಲ ನೀರು. ಹಗಲು ಹೋದ ತೇವ ರಾತ್ರಿ ವಾಪಸ್. ಐದನೇ ದಿನ ತಳದ ಗಡ್ಡೆಗಳ ಸಂದಿಯಲ್ಲಿ ಬಿಳಿ ಬೂಸ್ಟು ಕಂಡಿತು. ನಾಲ್ಕು ಕ್ವಿಂಟಲ್‌ಗೆ ಹತ್ತಿರ ಹತ್ತಿರ 80 ಕಿಲೋ ಬರಬೇಕಿತ್ತು, ಎಲ್ಲಾ ಆರಿಸಿದ ಮೇಲೆ ಕೈಗೆ ಉಳಿದಿದ್ದು 56.

ಮೂರನೇ ವರ್ಷ ಒಂದೇ ಒಂದು ನಿಯಮ ಇಟ್ಟುಕೊಂಡೆ. ಇವತ್ತು ಎಷ್ಟು ಸುಲಿಯೋಕೆ ಆಗುತ್ತೋ ಅಷ್ಟೇ ಇವತ್ತು ಅಗೆಯಬೇಕು. ಅಲ್ಲಾ ಮಣ್ಣೊಳಗೆ ಇದ್ದರೆ ಎರಡು ವಾರ ತಡವಾದರೂ ಏನೂ ಆಗಲ್ಲ, ಹೊರಗೆ ಬಂದ ಮೇಲೇ ಅದಕ್ಕೆ ಗಡಿಯಾರ ಶುರು. ಅಗೆಯೋರು ಬೇಗ ಬೇಗ ಅಗೆದರೆ ಕೆಲಸ ಬೇಗ ಆಗಲ್ಲ, ಬರೀ ರಾಶಿ ದೊಡ್ಡದಾಗುತ್ತೆ.

ಅದಕ್ಕೇ ಸುಲಿಯೋ ವೇಗ ಹೆಚ್ಚಿಸೋದು ಹೇಗೆ ಅಂತ ಯೋಚನೆ ಮಾಡಿದೆ. ಸುಲಿಯೋ ಮಷೀನು ಇದೆ, ಆದರೆ ಕವಲು ಕವಲಾಗಿರೋ ಗಡ್ಡೆಯ ಸಂದಿ ಅದಕ್ಕೆ ಸಿಗಲ್ಲ, ಉಬ್ಬಿದ ಕಡೆ ತಿರುಳನ್ನೂ ತಿನ್ನುತ್ತದೆ. ಕೊನೆಗೆ ಗೊತ್ತಾಗಿದ್ದು ಏನಂದ್ರೆ, ಪೂರ್ತಿ ಸುಲಿಯೋ ಅಗತ್ಯವೇ ಇಲ್ಲ. ಗಡ್ಡೆಯ ಎರಡು ಚಪ್ಪಟೆ ಮಗ್ಗುಲು ಕೆರೆದರೆ ಸಾಕು, ತೇವ ಅಲ್ಲಿಂದ ಹೊರಗೆ ಹೋಗುತ್ತದೆ. ಸಂದಿಯಲ್ಲಿ ಉಳಿದ ಸಿಪ್ಪೆ ಒಣಗಿದ ಮೇಲೆ ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ತಾನಾಗಿ ಉದುರುತ್ತದೆ. ಇಷ್ಟು ಮಾಡಿದ್ದಕ್ಕೆ ಅದೇ ಹೆಣ್ಮಕ್ಕಳು 15 ಕಿಲೋ ಇದ್ದಲ್ಲಿ 28 ಕಿಲೋ ಮುಗಿಸತೊಡಗಿದರು. ಈ ಸಲ ಆರು ಜನ ಇದ್ದರು, ದಿನಕ್ಕೆ ಸುಮಾರು 170 ಕಿಲೋ. ಹಾಗಾಗಿ ನಾನೂ ದಿನಾ ಬೆಳಿಗ್ಗೆ ಅಷ್ಟೇ ಅಗೆಸಿದೆ, ಒಂದು ಮಡಿಯಲ್ಲಿ ಎಷ್ಟು ಬರುತ್ತೆ ಅಂತ ಎರಡನೇ ದಿನಕ್ಕೇ ಅಂದಾಜು ಸಿಕ್ಕಿತು.

ನೀರು ಬಿಡೋದನ್ನು ಅಗೆಯೋಕೆ ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಗುದ್ದಲಿಯನ್ನು ಬುಡದಿಂದ ಒಂದು ಗೇಣು ದೂರ ಹಾಕಿ ಕೆಳಗಿನಿಂದ ಎತ್ತಬೇಕು, ಗಡ್ಡೆಗೆ ಏಟು ಬಿದ್ದರೆ ಅಲ್ಲಿಂದಲೇ ಬೂಸ್ಟು ಶುರು. ಮಣ್ಣು ಒದರಿ, ಬೇರು ಕಿತ್ತು, ಮೆತ್ತಗಾದ ಗಡ್ಡೆಯನ್ನು ಹೊಲದಲ್ಲೇ ಬೇರೆ ಮಾಡುತ್ತೇವೆ. ಒಂದು ಕೊಳೆತದ್ದು ತೊಳೆಯೋ ನೀರಿಗೆ ಬಿದ್ದರೆ ಆ ನೀರಲ್ಲಿ ಮುಳುಗಿದ್ದೆಲ್ಲ ಕೆಡುತ್ತದೆ. ನಮ್ಮ ಮಣ್ಣು ಸುಮ್ನೆ ತೊಳೆದರೆ ಹೋಗೋದಲ್ಲ, ಟಾಕಿಯಲ್ಲಿ ನೆನೆ ಹಾಕಿ, ಕೈಯಿಂದ ತಿಕ್ಕಿ, ಮತ್ತೆ ಒಳ್ಳೆ ನೀರಲ್ಲಿ ಜಾಲಾಡಬೇಕು. ಸಂದಿಯಲ್ಲಿ ಕೆಂಪು ಉಳಿದರೆ ಕೊಳ್ಳೋರಿಗೆ ಅದೊಂದು ನೆಪ.

ಒಣಗಿಸೋಕೆ ಈ ಸಲ ನೆಲ ಬಿಟ್ಟೆ. ಮನೆಯಲ್ಲಿ ಹಗ್ಗ ಸಡಿಲಾಗಿದ್ದ ನಾಲ್ಕು ಹಳೇ ಹೊರಸು (ಹಗ್ಗದ ಮಂಚ) ಇದ್ದವು. ಮಾಳಿಗೆಗೆ ಹತ್ತಿಸಿ ಮೇಲೆ ಹಸಿರು ನೆಟ್ ಬಿಗಿದೆ. ಸಾಲದ್ದಕ್ಕೆ ಬಿದಿರು ಗಳ ಕಟ್ಟಿ ಅದೇ ಥರ ಅಟ್ಟಣಿಗೆ ಮಾಡಿದೆ. ಕೆಳಗಿಂದಲೂ ಗಾಳಿ ಆಡುತ್ತದೆ, ಹಾಗಾಗಿ ತಳ ಬೆವರುವುದಿಲ್ಲ. ಒಂದೇ ಪದರ, ಒಂದರ ಮೇಲೊಂದು ಬೀಳಬಾರದು, ದಿನಕ್ಕೆ ಎರಡು ಸಲ ತಿರುವಬೇಕು. ಮೊದಲ ಮೂರು ದಿನ ನೆಟ್ ಮೇಲೆ, ಆಮೇಲೆ ಹೊಸ ಮಾಲಿಗೆ ಜಾಗ ಬಿಟ್ಟು ಮಾಳಿಗೆಯ ಮೇಲೆ ಹಾಸಿದ ಬಟ್ಟೆಗೆ. ಸಂಜೆ ಐದಾಗುವ ಮೊದಲೇ ಎಲ್ಲ ಒಟ್ಟುಮಾಡಿ ಮುಚ್ಚಿಬಿಡೋದು, ಬೆಳಿಗ್ಗೆ ಇಬ್ಬನಿ ಆರಿದ ಮೇಲೇ ಬಿಚ್ಚೋದು. ಎಂಟು ಗಂಟೆಗೇ ಬಿಚ್ಚಬೇಕು ಅಂತ ಮಗ ಅವಸರ ಮಾಡುತ್ತಿದ್ದ, ಒಂದು ದಿನ ಬಿಚ್ಚಿಸಿ ಕೈ ಇಟ್ಟು ನೋಡು ಅಂದೆ. ಆಮೇಲೆ ಸುಮ್ಮನಾದ.

ಒಣಗಿದೆಯಾ ಇಲ್ಲವಾ ಅನ್ನೋದಕ್ಕೆ ಬೆರಳಿಂದ ಒತ್ತಿ ನೋಡೋದು, ಮುರಿದು ನೋಡೋದು ಎಲ್ಲರೂ ಮಾಡ್ತಾರೆ, ಒಣಗಿದ್ದು ಟಕ್ ಅಂತ ಮುರಿಯುತ್ತೆ. ಆದರೆ ನನಗೆ ಅದರಲ್ಲಿ ಮೋಸ ಆಗಿದೆ, ಸಣ್ಣ ಬೆರಳು ಮುರಿಯುತ್ತೆ, ದಪ್ಪ ಗಡ್ಡೆಯ ನಡುವೆ ಇನ್ನೂ ಹಸಿ. ಹಾಗಾಗಿ ಒಂದು ಬುಟ್ಟಿಯ ಲೆಕ್ಕ ಇಟ್ಟುಕೊಂಡೆ. ಕೆರೆದ ಗಡ್ಡೆ ಸರಿಯಾಗಿ 10 ಕಿಲೋ ತೂಗಿ ಬೇರೆ ನೆಟ್ ತುಂಡಿನ ಮೇಲೆ ಇಟ್ಟೆ, ಎಲ್ಲದರ ಜೊತೆಗೇ ಒಣಗಿಸಿದೆ, ದಿನಾ ಸಂಜೆ ಮುಚ್ಚೋ ಮೊದಲು ತೂಗಿ ಗೋಡೆ ಮೇಲೆ ಇದ್ದಿಲಲ್ಲಿ ಬರೆದೆ. ಮೊದಲ ಸಂಜೆ 7.4. ಎರಡನೇ ದಿನ 5.6, ಮೂರನೇ ದಿನ 4.3. ಆಮೇಲೆ ಇಳಿತ ನಿಧಾನ ಆಯಿತು. ಎಂಟನೇ ದಿನ 2.2, ಒಂಬತ್ತಕ್ಕೆ 2.1, ಹತ್ತಕ್ಕೂ 2.1. ಎರಡು ಸಂಜೆ ತೂಕ ಒಂದೇ ಬಂದರೆ ಮುಗೀತು, ಚೀಲಕ್ಕೆ ಹಾಕಬಹುದು. ಹಸಿ ಅಲ್ಲಾದಲ್ಲಿ ನೂರಕ್ಕೆ 80ರಷ್ಟು ನೀರೇ ಇರುತ್ತೆ, ಒಣಗಿದ ಮೇಲೆ 10ರ ಆಸುಪಾಸು ಉಳಿಯಬೇಕು. ಐದಕ್ಕೆ ಒಂದು ಅನ್ನೋ ಹಳಬರ ಲೆಕ್ಕ ಇಲ್ಲಿಂದಲೇ ಬಂದಿದ್ದು.

ಆ ಲೆಕ್ಕ ಮಾರುವಾಗಲೂ ಬೇಕು. ಹಸಿ ಕಿಲೋಗೆ 40 ರೂಪಾಯಿ ನಡೀತಿದ್ದರೆ, ಒಣಗಿದ್ದನ್ನು 200ಕ್ಕೆ ಮಾರಿ ಲಾಭ ಬಂತು ಅನ್ನೋದು ಸುಳ್ಳು, ಸುಲಿದವರ ಕೂಲಿ ನಮ್ಮ ಕೈಯಿಂದ ಹೋಗಿರುತ್ತೆ. ಹಸಿ ರೇಟು ಚೆನ್ನಾಗಿದ್ದ ವರ್ಷ ಒಣಗಿಸೋ ಗೊಡವೆಗೇ ಹೋಗಬೇಡಿ. ನಾನು ಒಂದು ಎಕರೆಯಲ್ಲಿ 10 ಕ್ವಿಂಟಲ್ ಮಾತ್ರ ಒಣಗಿಸಿದೆ, ಉಳಿದದ್ದು ಹಸಿಯಾಗಿಯೇ ಹೈದರಾಬಾದ್ ಗಾಡಿ ಹತ್ತಿತು.

ಸೋಲಾರ್ ಡ್ರೈಯರ್ ಬಗ್ಗೆ ಕೇಳ್ತೀರಾ ಅಂತ ಗೊತ್ತು. ಸರ್ಕಾರದ ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನೋ ಪಟ್ಟಿಯಲ್ಲಿ ಬೀದರ್‌ಗೆ ಶುಂಠಿಯೇ ಇದೆ. ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಸಾಲ ತೆಗೆದು ಮಾಡಿದರೆ ಒಟ್ಟು ಖರ್ಚಿನ 35 ಪರ್ಸೆಂಟ್, ಗರಿಷ್ಠ 10 ಲಕ್ಷ ಸಬ್ಸಿಡಿ ಇತ್ತು, ಅದರ ಮೇಲೆ ರಾಜ್ಯದ್ದು ಇನ್ನೂ 15 ಪರ್ಸೆಂಟ್. ನಾನು ತಗೊಂಡಿಲ್ಲ. ಪಕ್ಕದ ಹೊಲದವರ ಪ್ಲಾಸ್ಟಿಕ್ ಮನೆಯಂಥ ಡ್ರೈಯರ್‌ನಲ್ಲಿ ನಂದೂ ಒಂದು ಬುಟ್ಟಿ ಇಟ್ಟು ನೋಡಿದೆ. ಬೇಗ ಒಣಗಿತು, ನಿಜ. ಆದರೆ ಮಧ್ಯಾಹ್ನ ಗಾಳಿ ಕಿಂಡಿ ತೆಗೆಯೋದು ಮರೆತಿದ್ದರು, ಒಳಗೆ 65 ಡಿಗ್ರಿ ದಾಟಿತ್ತು. ಶುಂಠಿ ಕಂದು ಬಣ್ಣಕ್ಕೆ ತಿರುಗಿತು. ಬಾಯಿಗೆ ಹಾಕಿದರೆ ಖಾರ ಇದೆ, ಮೂಗಿಗೆ ಹಿಡಿದರೆ ವಾಸನೆ ಇಲ್ಲ. ಅದಕ್ಕೆ ಕಾರಣವೂ ಇದೆ. ಅಲ್ಲಾಕ್ಕೆ ಖಾರ ಕೊಡೋದು ಜಿಂಜರಾಲ್ ಅನ್ನೋ ಅಂಶ, ಒಣಗುವಾಗ ಅದು ಸ್ವಲ್ಪ ಶೋಗಾಲ್ ಅನ್ನೋ ಇನ್ನೊಂದು ಅಂಶವಾಗಿ ಬದಲಾಗುತ್ತೆ, ಅದು ಇನ್ನೂ ಖಾರ, ಹಾಗಾಗಿ ಬಿಸಿಗೆ ಖಾರ ಹೋಗಲ್ಲ. ಹಾರಿ ಹೋಗೋದು ಘಮ ಕೊಡೋ ಎಣ್ಣೆ. ಡ್ರೈಯರ್ ಹಾಕಿಸೋರು ಒಳಗೊಂದು ಥರ್ಮಾಮೀಟರ್ ನೇತುಹಾಕಿ, 60 ದಾಟೋಕೆ ಬಿಡಬೇಡಿ.

ಸುಣ್ಣದ ನೀರಲ್ಲಿ ಅದ್ದಿ ಬೆಳ್ಳಗೆ ಮಾಡಿಕೊಡಿ, ಎರಡು ರೂಪಾಯಿ ಜಾಸ್ತಿ ಅಂತ ಒಬ್ಬರು ಕೇಳಿದರು. ಮಾಡಲಿಲ್ಲ. ಹುಳ ಬೀಳಲ್ಲ ಅನ್ನೋದು ಅವರ ವಾದ, ಆದರೆ ಚೆನ್ನಾಗಿ ಒಣಗಿಸಿ ಗಾಳಿ ಆಡದ ಡ್ರಮ್ಮಲ್ಲಿ ಇಟ್ಟ ನನ್ನ ಮಾಲಿಗೂ ಮಳೆಗಾಲದವರೆಗೆ ಹುಳ ಬಿದ್ದಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ತಿಂಗಳಿಗೊಮ್ಮೆ ತೆಗೆದು ನೋಡಬೇಕು, ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಆ ದಿನವೇ ಬಿಸಿಲಿಗೆ.

ಪುಡಿ ಮಾಡಿಸೋರಿಗೆ ಒಂದು ಮಾತು. ನಾನು ಊರಿನ ಗಿರಣಿಗೆ ಐದು ಕಿಲೋ ಕೊಟ್ಟು ಬಂದೆ, ಹಿಂದಿನ ಗಿರಾಕಿ ಮೆಣಸಿನಕಾಯಿ ಬೀಸಿಸಿಕೊಂಡು ಹೋಗಿದ್ದ. ವಾಪಸ್ ಬಂದ ಶುಂಠಿ ಪುಡಿಗೆ ಗುಲಾಬಿ ಬಣ್ಣ. ಅದನ್ನು ಹಾಕಿದ ಚಹಾ ಕುಡಿದ ನಮ್ಮ ಕಾಕಾ ಇವತ್ತಿಗೂ ನಮ್ಮನೆಗೆ ಬಂದರೆ ಬರೀ ನೀರು ಕೇಳ್ತಾರೆ.

ಆರು ದಿನ ಅಗೆದ 10 ಕ್ವಿಂಟಲ್‌ಗೆ ಆ ಸಲ 208 ಕಿಲೋ ಶುಂಠಿ ಬಂತು, ಬೂಸ್ಟಿಗೆ ಹೋಗಿದ್ದು ಎರಡು ಕಿಲೋಗಿಂತ ಕಡಿಮೆ. ಬಿತ್ತನೆಗೆ ಬೇಕಾದ ಗಡ್ಡೆ ಮಾತ್ರ ಮೊದಲೇ ಎತ್ತಿಟ್ಟಿದ್ದೆ. ಅದನ್ನು ಸುಲಿಯೋದಿಲ್ಲ. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ (ಬೂಸ್ಟು ತಡೆಯೋ ಔಷಧಿ) ಕಲಸಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ ಗುಂಡಿಯಲ್ಲಿ ಇಟ್ಟಿದ್ದೇನೆ. ದೊಡ್ಡವ್ವ ತನ್ನ ಬಿದಿರು ಸೀಳನ್ನು ನಮ್ಮ ಮಾಳಿಗೆಯ ತೊಲೆ ಸಂದಿಯಲ್ಲಿ ಸಿಗಿಸಿ ಹೋಗಿದ್ದಾಳೆ, ಮುಂದಿನ ಸಲಕ್ಕೆ ಬೇಕಂತೆ.