ದಾಶಿಯನ್ನು ತಪ್ಪಿಸಿ ಜಪಾನಿನಲ್ಲಿ ಉಂಡದ್ದು

ಜಪಾನಿನ ಹೋಟೆಲಿನಲ್ಲಿ ತಟ್ಟೆಯ ಮೇಲೆ ಕಾಣುವ ಮೀನನ್ನು ಬೇಡವೆನ್ನುವುದು ನನ್ನಂಥ ಸಸ್ಯಾಹಾರಿಗೆ ಸುಲಭ. ಸಾರಿನಲ್ಲಿ ಇಳಿದುಹೋದದ್ದನ್ನು ಏನು ಮಾಡುವುದು? ಬೊನಿಟೊ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಮರದ ಕೊರಡಿನಂತೆ ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆದದ್ದು ಕತ್ಸುಒಬುಶಿ. ಅದನ್ನೂ ಕೊಂಬು ಎಂಬ ಕಡಲಕಳೆಯನ್ನೂ ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ. ಸೋಯಾ ಹುದುಗಿಸಿದ ಮಿಸೊ ಸೂಪಿನಲ್ಲಿ, ಟೆಂಪುರಾ ಎಂಬ ಬಜ್ಜಿಯನ್ನು ಅದ್ದುವ ರಸದಲ್ಲಿ, ಬೇಯಿಸಿದ ತರಕಾರಿಯಲ್ಲಿಯೂ ಅದೇ. ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ದಾಶಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಟೋಕಿಯೊದಲ್ಲಿ ಕೆಲಸಕ್ಕಿದ್ದಾಗ ಸಹೋದ್ಯೋಗಿಯೊಬ್ಬರಿಂದ ಜಪಾನಿ ಲಿಪಿಯಲ್ಲಿ ಚೀಟಿ ಬರೆಸಿಕೊಂಡೆ: ಮಾಂಸ, ಮೀನು ಬೇಡ, ಕತ್ಸುಒಬುಶಿಯ ದಾಶಿಯೂ ಬೇಡ, ಕೊಂಬು ಅಥವಾ ಶಿಟಾಕೆ ಅಣಬೆಯದಾದರೆ ಆಗಬಹುದು. ಸೊಬಾ ಎಂಬ ಬಕ್‌ವೀಟ್ ನೂಡಲ್ಸಿನ ಒಂದು ಸಣ್ಣ ಅಂಗಡಿಯಲ್ಲಿ ಅದನ್ನು ತೋರಿಸಿದೆ. ಬಡಿಸುವಾಕೆ ಓದಿ ಒಳಗೆ ಹೋದರು. ಆಮೇಲೆ ಅಡುಗೆಯವರೇ ಹೊರಬಂದು, ತಮ್ಮ ಅದ್ದುವ ರಸದಲ್ಲಿ ಮೀನಿದೆ, ಕ್ಷಮಿಸಬೇಕು ಎಂದು ತಲೆಬಾಗಿದರು. ಸೊಬಾವನ್ನು ಉಪ್ಪು, ವಸಾಬಿಯೊಂದಿಗೆ ಕೊಡಲೇ ಎಂದೂ ಕೇಳಿದರು. ಹುರುಳಿಗೂ ಈ ಬಕ್‌ವೀಟ್ ಹಿಟ್ಟಿಗೂ ಸಂಬಂಧವಿಲ್ಲದಿದ್ದರೂ ಅದರ ಮಣ್ಣಿನ ಘಮ ನನಗೆ ಹುರುಳಿಯನ್ನೇ ನೆನಪಿಸಿತು. ರಸವಿಲ್ಲದ್ದರಿಂದಲೇ ಆ ಘಮ ಸಿಕ್ಕಿತೇನೋ. ಕೊನೆಗೆ ಸೊಬಾ ಬೆಂದ ನೀರನ್ನು ಬಿಸಿಯಾಗಿ ಕುಡಿಯಲು ಕೊಟ್ಟರು, ಅದು ಅಲ್ಲಿಯ ಪದ್ಧತಿ. ಸೇವೆ ಎಂದರೆ ಇದು ಎನ್ನುತ್ತೇನೆ: ಆಗದ್ದನ್ನು ಆಗದು ಎನ್ನುವುದು.

ಆದರೆ ಕೂತಲ್ಲೇ ಅಡುಗೆ ಬದಲಿಸಿಕೊಡಿ ಎಂದರೆ ನಡೆಯುವುದಿಲ್ಲ. ನಮ್ಮ ದರ್ಶಿನಿಯಲ್ಲಿ ಚಟ್ನಿ ಬೇರೆ, ಸಾಂಬಾರ್ ಬೇರೆ ಎನ್ನುವ ಅಭ್ಯಾಸವನ್ನು ಅಲ್ಲಿ ಮರೆಯಬೇಕು. ದಾಶಿ ಮೊದಲೇ ಸಿದ್ಧವಾಗಿರುತ್ತದೆ. ಹೇಳುವುದನ್ನು ಜಾಗ ಕಾಯ್ದಿರಿಸುವಾಗಲೇ ಹೇಳಬೇಕು. ಇಜಕಾಯಾ ಎಂಬ ಕುಡಿತ-ತಿನಿಸಿನ ಅಂಗಡಿಗಳಲ್ಲಂತೂ ಕೇಳದೆಯೇ ಒಂದು ಬಟ್ಟಲು ತಿನಿಸು ಬಂದು ಬಿಲ್ಲಿಗೂ ಸೇರುತ್ತದೆ. ಅದರಲ್ಲಿ ಮೀನಿದ್ದರೆ ಪಕ್ಕದವರಿಗೆ ದಾಟಿಸುತ್ತಿದ್ದೆ.

ಚೀಟಿಯ ಹಂಗಿಲ್ಲದೆ ಉಂಡದ್ದು ಕ್ಯೋಟೊದಲ್ಲಿ. ಅರಶಿಯಾಮಾದ ತೆನ್‌ರ್ಯೂ-ಜಿ 1339ರಲ್ಲಿ ಸ್ಥಾಪನೆಯಾದ ಜೆನ್ ಬೌದ್ಧ ದೇವಾಲಯ. ಅದರ ಆವರಣದ ಶಿಗೆತ್ಸು ಎಂಬ ಹೋಟೆಲಿನಲ್ಲಿ ಶೋಜಿನ್ ರ್ಯೋರಿ, ಅಂದರೆ ಭಿಕ್ಷುಗಳ ಅಡುಗೆ, ಸಿಗುತ್ತದೆ. ಚಾಪೆಯ ಮೇಲೆ ಕೂರಿಸಿ ಕೆಂಪು ಅರಗಿನ ಮಣೆಯಲ್ಲಿ ಬಡಿಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ನಮ್ಮ ಮಠದ ಊಟದ ಹಾಗೆಯೇ. ಎಳ್ಳನ್ನು ನುಣ್ಣಗೆ ಅರೆದು ಕುಡ್ಜು ಗೆಡ್ಡೆಯ ಪಿಷ್ಟದಲ್ಲಿ ಕಾಯಿಸಿ ಗಟ್ಟಿ ಮಾಡಿದ ಗೊಮಾದೋಫು ನಾಲಗೆಯ ಮೇಲೆ ಇಟ್ಟೊಡನೆ ಕರಗಿತು. ಹೆಸರಿಗೆ ತೋಫು, ಸೋಯಾ ಇಲ್ಲ. ಉಪ್ಪು, ಹುಳಿ ಎಲ್ಲವೂ ನನ್ನ ರುಚಿಗೆ ಒಂದು ಹಿಡಿ ಕಡಿಮೆಯೇ ಇತ್ತು. ಒಗ್ಗರಣೆಗೆ ಬೆಳೆದ ನಾಲಗೆ ಅಷ್ಟು ಬೇಗ ಮಣಿಯುವುದಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಒಂದು ಜಪಾನಿ ರೆಸ್ಟೊರೆಂಟಿನಲ್ಲಿ ಮಿಸೊ ಸೂಪಿನ ದಾಶಿ ಯಾವುದೆಂದು ಕೇಳಿದೆ. ಅಡುಗೆಮನೆಯ ಕಡೆ ತಿರುಗಿಯೂ ನೋಡದೆ, "ಪೂರ್ತಿ ವೆಜ್ ಸರ್" ಎಂಬ ಉತ್ತರ ಬಂತು. ಸೂಪು ಬಿಟ್ಟು ಸೌತೆಕಾಯಿ ಸುಶಿ ತಿಂದೆ.