ಡೇಟಾಬೇಸ್‌ನಲ್ಲಿರುವ ಹೆಸರು ಹುಡುಕಿದರೆ ಸಿಗುತ್ತಿಲ್ಲವೇ? ಕೊಲೇಶನ್ ನೋಡಿ

ಟೇಬಲ್‌ನಲ್ಲಿ ಹೆಸರು ಇದೆ, ಕಣ್ಣಿಗೂ ಕಾಣುತ್ತದೆ. ಹುಡುಕಿದರೆ ಮಾತ್ರ ಬರುವುದಿಲ್ಲ. ಬಂದರೂ ತುಂಬಾ ಹೊತ್ತು ಹಿಡಿಯುತ್ತದೆ. ಆಗ ಹೆಚ್ಚಿನವರು ಇನ್ನೊಂದು ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಲು ಹೊರಡುತ್ತಾರೆ. ಸುಮ್ನೆ ಹಾಕಬೇಡಿ. ಯಾವ ಅಕ್ಷರ ಯಾವುದಕ್ಕೆ ಸಮ, ಯಾವುದು ಮೊದಲು ಎಂದು ಹೇಳುವ ನಿಯಮವೇ ಕೊಲೇಶನ್. ಇಂಡೆಕ್ಸ್ ಕೂಡ ಅದೇ ನಿಯಮದಂತೆ ಜೋಡಿಸಿಟ್ಟಿರುತ್ತದೆ. ಕ್ವೆರಿ, ಅಂದರೆ ನಾವು ಬರೆಯುವ ಹುಡುಕಾಟದ ಆದೇಶ, ಬೇರೆ ನಿಯಮದಲ್ಲಿ ಕೇಳಿದರೆ ಇಂಡೆಕ್ಸ್ ಇದ್ದೂ ಇಲ್ಲದಂತೆ.

ಹೆಜ್ಜೆ 1: ಎಕ್ಸ್‌ಪ್ಲೇನ್ ಓಡಿಸಿ

ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್' ಸೇರಿಸಿ. ಹೇಗೆ ಹುಡುಕುತ್ತದೆ ಎಂದು ಡೇಟಾಬೇಸೇ ಹೇಳುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಟೈಪ್ ಕಾಲಮ್ 'ಆಲ್' ಎಂದರೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 'ಸೀಕ್ ಸ್ಕ್ಯಾನ್' ಎಂದು ಬಂದರೆ, ಇಡೀ ಟೇಬಲ್ ಓದುತ್ತಿದೆ ಎಂದರ್ಥ. ಟೇಬಲ್ ಚಿಕ್ಕದಿದ್ದರೆ ಅದು ತಪ್ಪಲ್ಲ, ಬಿಟ್ಟುಬಿಡಿ.

ಹೆಜ್ಜೆ 2: ಎರಡೂ ಕಡೆಯ ಕೊಲೇಶನ್ ಹೋಲಿಸಿ

ಹೆಚ್ಚಿನ ತೊಂದರೆ ಸಿಗುವುದು ಇಲ್ಲೇ. ಮೈಎಸ್‌ಕ್ಯೂಎಲ್‌ನಲ್ಲಿ 'ಶೋ ಫುಲ್ ಕಾಲಮ್ಸ್' ಕೊಟ್ಟರೆ ಪ್ರತಿ ಕಾಲಮ್‌ನ ಕೊಲೇಶನ್ ಕಾಣುತ್ತದೆ. 8.0 ಆವೃತ್ತಿಯಲ್ಲಿ ಡೀಫಾಲ್ಟ್, ಅಂದರೆ ನಾವೇನೂ ಹೇಳದಿದ್ದರೆ ತಾನಾಗಿ ಸಿಗುವ ಕೊಲೇಶನ್, ಬದಲಾಯಿತು. ಹಾಗಾಗಿ ಹಳೆಯ ಟೇಬಲ್ ಒಂದು ಕೊಲೇಶನ್‌ನಲ್ಲಿ, ಹೊಸದು ಇನ್ನೊಂದರಲ್ಲಿ ಇರುವುದು ತೀರಾ ಸಾಮಾನ್ಯ. ಇವೆರಡನ್ನು ಜಾಯಿನ್ ಮಾಡಿದರೆ (ಕಾಲಮ್ ಹೋಲಿಸಿ ಜೋಡಿಸಿದರೆ) 1267 ಎಂಬ ಎರರ್ ಬರಬಹುದು. ಎರರ್ ಬಂದರೆ ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ! ಯುಟಿಎಫ್8 ಎಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ವಿಧಾನ. ಒಂದು ಕಾಲಮ್ ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್‌ನ ಹಳೆಯ ಯುಟಿಎಫ್8, ಇನ್ನೊಂದು 4 ಬೈಟ್‌ನದು ಆಗಿದ್ದರೆ ಎರರ್ ಬರುವುದೇ ಇಲ್ಲ. ಹಳೆಯದನ್ನು ಒಳಗೊಳಗೇ ಪರಿವರ್ತಿಸಿ ಹೋಲಿಸುತ್ತದೆ, ಆ ಕಾಲಮ್‌ನ ಇಂಡೆಕ್ಸ್ ಕೈಬಿಡುತ್ತದೆ.

ಸರಿಪಡಿಸಲು 'ಆಲ್ಟರ್ ಟೇಬಲ್' ಜೊತೆ 'ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್' ಬಳಸಿ. ಟೇಬಲ್‌ನ ಡೀಫಾಲ್ಟ್ ಮಾತ್ರ ಬದಲಿಸಿದರೆ ಹಳೆಯ ಕಾಲಮ್‌ಗಳು ಇದ್ದ ಹಾಗೇ ಇರುತ್ತವೆ. ಮೊದಲು ಬ್ಯಾಕಪ್ ಇರಲಿ. ದೊಡ್ಡಕ್ಷರ, ಚಿಕ್ಕಕ್ಷರ ಒಂದೇ ಎನ್ನುವ ಕೊಲೇಶನ್‌ಗೆ ಹೋದರೆ ಒಂದೇ ಮೌಲ್ಯ ಎರಡು ಸಲ ಬರಲು ಬಿಡದ ಯುನೀಕ್ ಇಂಡೆಕ್ಸ್ 'ಡೂಪ್ಲಿಕೇಟ್' ಎಂದು ತಕರಾರು ತೆಗೆಯಬಹುದು.

ಹೆಜ್ಜೆ 3: ಕ್ವೆರಿ ಬರೆದ ರೀತಿ ನೋಡಿ

ಕಾಲಮ್ ಮೇಲೆ ಎಲ್ಲವನ್ನೂ ಚಿಕ್ಕಕ್ಷರ ಮಾಡುವ 'ಲೋವರ್' ಫಂಕ್ಷನ್ ಹಾಕಿದರೆ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಆ ಫಂಕ್ಷನ್ ಮೇಲೆಯೇ ಇಂಡೆಕ್ಸ್ ಕಟ್ಟಬೇಕು. 'ಲೈಕ್' ಹುಡುಕಾಟದಲ್ಲಿ 'ಏನಾದರೂ ಇರಲಿ' ಎನ್ನುವ ಶೇಕಡಾ ಚಿಹ್ನೆ ಪದದ ಮೊದಲಲ್ಲೇ ಇದ್ದರೂ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಂತೂ ಚಿಹ್ನೆ ಕೊನೆಯಲ್ಲಿದ್ದರೂ ಸಾಲದು. ಕೊಲೇಶನ್ ಬೈಟ್ ಕ್ರಮದ 'ಸಿ' ಅಲ್ಲದಿದ್ದರೆ 'ಟೆಕ್ಸ್ಟ್ ಪ್ಯಾಟರ್ನ್ ಆಪ್ಸ್' ಎಂಬ ಆಯ್ಕೆ ಕೊಟ್ಟು ಬೇರೆ ಇಂಡೆಕ್ಸ್ ಮಾಡಬೇಕು.

ಎಸ್‌ಕ್ಯೂಲೈಟ್ ಡೇಟಾಬೇಸ್‌ನ 'ನೋಕೇಸ್' ಕೊಲೇಶನ್ ದೊಡ್ಡಕ್ಷರ, ಚಿಕ್ಕಕ್ಷರ ಒಂದಾಗಿಸುವುದು ಇಂಗ್ಲಿಷಿನ 26 ಅಕ್ಷರಗಳಲ್ಲಿ ಮಾತ್ರ. ಅದರಾಚೆ ನಿರೀಕ್ಷೆ ಬೇಡ.

ಹೆಜ್ಜೆ 4: ಅಕ್ಷರದ ಒಳಗೆ ಇಣುಕಿ

ಎಲ್ಲ ಸರಿಯಿದ್ದೂ ಹೆಸರು ಸಿಗದಿದ್ದರೆ ಬೈಟ್‌ಗಳನ್ನೇ ನೋಡಬೇಕು. 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಇಡಬಹುದು, ಎರಡು ಕೋಡ್ ಜೋಡಿಸಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಅಲ್ವಾ? ಬೈಟ್ ನೋಡಿ ಹೋಲಿಸುವ ಕೊಲೇಶನ್‌ಗೆ ಮಾತ್ರ ಅವು ಬೇರೆ ಬೇರೆ. ಡೇಟಾ ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಜೋಡಿಸಿಟ್ಟ ಕೋಡ್‌ಗಳನ್ನು ಒಂದೇ ಕೋಡ್ ಮಾಡುವ ಯೂನಿಕೋಡ್ ರೂಪ) ತನ್ನಿ. ಕೊನೆಯಲ್ಲಿ ಉಳಿದ ಖಾಲಿ ಜಾಗ, ಕಾಣದ ಜೋಡಕ ಚಿಹ್ನೆಗಳನ್ನೂ ಪರೀಕ್ಷಿಸಿ.

ಹೆಜ್ಜೆ 5: ಸರ್ವರ್ ಅಪ್‌ಗ್ರೇಡ್ ಆಗಿತ್ತೇ?

ಪೋಸ್ಟ್‌ಗ್ರೆಸ್ ಬಳಸುವವರು ಇದನ್ನು ಕೇಳಲೇಬೇಕು. ಡೀಫಾಲ್ಟ್ ಆಗಿ ಅದು ಅಕ್ಷರಗಳ ಕ್ರಮವನ್ನು ಆಪರೇಟಿಂಗ್ ಸಿಸ್ಟಮ್‌ನಿಂದ ತೆಗೆದುಕೊಳ್ಳುತ್ತದೆ. 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮ ಸಾಕಷ್ಟು ಬದಲಾಯಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್ ಇರುವ ಸಾಲನ್ನೂ ಇಲ್ಲ ಎನ್ನಬಹುದು. ಪರಿಹಾರ 'ರೀಇಂಡೆಕ್ಸ್', ಅಂದರೆ ಇಂಡೆಕ್ಸ್ ಹೊಸದಾಗಿ ಕಟ್ಟುವುದು. ಅದಾದ ಮೇಲೆಯೇ, ದಾಖಲಾದ ಕೊಲೇಶನ್ ಆವೃತ್ತಿಯನ್ನು ಹೊಸದಾಗಿಸುವ 'ರಿಫ್ರೆಶ್ ವರ್ಷನ್' ಕೊಡಿ. ಮೊದಲೇ ಕೊಟ್ಟರೆ ಆವೃತ್ತಿ ಬದಲಾಗಿದೆ ಎಂಬ ಎಚ್ಚರಿಕೆ ಸಂದೇಶ ಮಾತ್ರ ಮಾಯವಾಗುತ್ತದೆ, ಕೆಟ್ಟ ಇಂಡೆಕ್ಸ್ ಹಾಗೇ ಉಳಿಯುತ್ತದೆ.