ಕಕಾಕ್ ಅಂದರೆ ಅಣ್ಣನಾ, ಅಕ್ಕನಾ?

ನಾನು ಮಕ್ಕಳ ಕಥೆಗಳನ್ನು ಇಂಡೋನೇಷಿಯನ್‌ನಿಂದಲೂ ಫಿಲಿಪ್ಪೀನ್ಸ್‌ನ ಟಗಾಲೋಗ್‌ನಿಂದಲೂ ಕನ್ನಡಕ್ಕೆ ತರುತ್ತೇನೆ. ಎರಡೂ ಆಸ್ಟ್ರೋನೇಷಿಯನ್ ಅನ್ನೋ ಒಂದೇ ಕುಟುಂಬದ ಭಾಷೆಗಳು. ಮತಾ ಅಂದರೆ ಎರಡರಲ್ಲೂ ಕಣ್ಣು, ಲಿಮಾ ಅಂದರೆ ಐದು. ಹಾಗಾಗಿ ಒಂದು ಕಲಿತರೆ ಇನ್ನೊಂದು ಅರ್ಧ ಬಂದಂತೆ ಅಂದುಕೊಂಡಿದ್ದೆ. ಬರಲಿಲ್ಲ. ಹರಿ ಅಂದರೆ ಇಂಡೋನೇಷಿಯನ್‌ನಲ್ಲಿ ದಿನ, ಟಗಾಲೋಗ್‌ನಲ್ಲಿ ರಾಜ. 'ಮಹಲ್ ಕಿತಾ' ಅಂತ ಮನಿಲಾದಲ್ಲಿ ಹೇಳಿದರೆ 'ನಿನ್ನನ್ನು ಪ್ರೀತಿಸ್ತೀನಿ'. ಜಕಾರ್ತದವರ ಕಿವಿಗೆ ಅದು 'ತುಟ್ಟಿ ನಾವು'!

ಓದೋಕೆ ಇಂಡೋನೇಷಿಯನ್ ಸುಲಭ. ಸಂಸ್ಕೃತದಿಂದ ಹೋದ ಪದಗಳು ಬೇಕಾದಷ್ಟಿವೆ: ಭಾಷೆ ಅಲ್ಲಿ ಬಹಾಸ, ಗಂಡ ಸುಆಮಿ, ಹೆಂಡತಿ ಇಸ್ತ್ರಿ (ನಮ್ಮಲ್ಲಿ ಬಟ್ಟೆಗೆ ಹಾಕೋದಲ್ಲ). ನಮ್ಮ 'ಇಲ್ಲ', 'ಅಲ್ಲ' ಇದ್ದ ಹಾಗೆ ಅವರಿಗೂ ತಿದಾಕ್, ಬುಕಾನ್ ಅಂತ ಎರಡಿವೆ, ಹೆಚ್ಚುಕಡಿಮೆ ಅದೇ ಲೆಕ್ಕ. ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗೋದೇ ಇಲ್ಲ.

ಆದರೆ ಕನ್ನಡಕ್ಕೆ ತರುವಾಗ ಒದ್ದಾಡಿಸಿದ್ದೂ ಅದೇ. ಒಂದು ಕಥೆಯಲ್ಲಿ ಕಕಾಕ್ ತಮ್ಮನಿಗೆ ಗಾಳಿಪಟ ಮಾಡಿಕೊಡುವ ದೃಶ್ಯ ಇತ್ತು. ಕಕಾಕ್ ಅಂದರೆ ಒಡಹುಟ್ಟಿದವರಲ್ಲಿ ತನಗಿಂತ ದೊಡ್ಡವರು, ಅಷ್ಟೇ. ಗಾಳಿಪಟ ತಾನೇ ಅಂತ ಸುಮ್ನೆ 'ಅಣ್ಣ' ಅಂತ ಹಾಕಿದೆ. 'ದಿಯಾ' ಅನ್ನೋ ಸರ್ವನಾಮಕ್ಕೂ ಗಂಡು ಹೆಣ್ಣು ಅಂತಿಲ್ಲ, ಹಾಗಾಗಿ ಹದಿನಾರು ಪುಟದುದ್ದಕ್ಕೂ ಎಲ್ಲೂ ಅನುಮಾನವೇ ಬರಲಿಲ್ಲ. ಎರಡು ವಾರದ ಮೇಲೆ ಚಿತ್ರಗಳು ಬಂದವು. ನನ್ನ ಅಣ್ಣ ತಲೆವಸ್ತ್ರ ಕಟ್ಟಿಕೊಂಡು, ಉದ್ದ ಲಂಗ ತೊಟ್ಟು ನಿಂತಿದ್ದಳು! ಮಾಡಿದ, ಬಂದ, ನಕ್ಕ ಎಲ್ಲವನ್ನೂ ಒಂದೊಂದಾಗಿ ಮಾಡಿದಳು, ಬಂದಳು ಅಂತ ತಿದ್ದುತ್ತಾ ಕೂತೆ. ಗಾಳಿಪಟ ಹುಡುಗರದ್ದು ಅಂತ ನನಗೆ ಯಾರು ಹೇಳಿದ್ದರೋ! ಈಗ ಚಿತ್ರ ಕಳಿಸದೆ ಕೆಲಸ ಶುರು ಮಾಡೋದಿಲ್ಲ ಅಂತೀನಿ.

ಟಗಾಲೋಗ್‌ನಲ್ಲಿ ಈ ಕಥೆಗೆ ಇಂಥ ಪಜೀತಿ ಆಗುತ್ತಿರಲಿಲ್ಲ. ಕುಯಾ ಅಂದರೆ ಅಣ್ಣ, ಆತೆ ಅಂದರೆ ಅಕ್ಕ. ಸರ್ವನಾಮ ಮಾತ್ರ ಇಲ್ಲೂ ಒಂದೇ, ಸಿಯಾ. ದೊಡ್ಡವರ ಹತ್ತಿರ ಮಾತಾಡುವಾಗ ವಾಕ್ಯಕ್ಕೆ ಒಂದು 'ಪೊ' ಸೇರುತ್ತೆ, ಹೆಚ್ಚುಕಡಿಮೆ ನಮ್ಮ 'ರೀ' ಇದ್ದ ಹಾಗೆ. ಅಲ್ಲಿ ತಲೆ ತಿನ್ನೋದು ಕ್ರಿಯಾಪದ. 'ಬುಮಿಲಿ ನಂಗ್ ಇಸ್ದಾ ಆಂಗ್ ಬಾತಾ' ಅಂದರೆ ಮಗು ಮೀನು ಕೊಂಡಿತು. 'ಬಿನಿಲಿ ನಂಗ್ ಬಾತಾ ಆಂಗ್ ಇಸ್ದಾ' ಅಂದರೆ ಆ ಮೀನನ್ನು ಮಗು ಕೊಂಡಿತು. ಕ್ರಿಯಾಪದ ಯಾರ ಕಡೆ ತಿರುಗಿದೆ ಅಂತ ಹಿಡಿಯೋಕೆ ನನಗೆ ತಿಂಗಳುಗಳೇ ಬೇಕಾದವು. ಹಿಡಿದ ಮೇಲೆ ಮಾತ್ರ 'ಮೀನು' ಬರೀಬೇಕಾ, 'ಮೀನನ್ನು' ಬರೀಬೇಕಾ ಅಂತ ಆ ವಾಕ್ಯವೇ ಹೇಳಿಬಿಡುತ್ತೆ.

'ನಾವು' ಎರಡರಲ್ಲೂ ಎರಡೆರಡು. ಕೇಳುವವರನ್ನು ಬಿಟ್ಟರೆ ಎರಡೂ ಕಡೆ ಕಾಮಿ. ಸೇರಿಸಿಕೊಂಡರೆ ಇಂಡೋನೇಷಿಯನ್‌ನಲ್ಲಿ ಕಿತಾ, ಟಗಾಲೋಗ್‌ನಲ್ಲಿ ತಾಯೊ. ನಮ್ಮ ಮನೆಯಲ್ಲಿ ತುಳು, ಸೇರಿಸಿಕೊಂಡರೆ ನಮ, ಬಿಟ್ಟರೆ ಎಂಕುಲು ಅಂತ ಎರಡೂ ಬಾಯಲ್ಲೇ ಇವೆ, ಅದಕ್ಕೇ ಇದು ಕಷ್ಟ ಅನಿಸಲಿಲ್ಲ. ಕನ್ನಡದಲ್ಲಿ ಎರಡಕ್ಕೂ 'ನಾವು' ಅಂತ ಬರೆದು ಕೈತೊಳೆದುಕೊಳ್ಳಬಹುದು, ಆದರೆ ಮಗುವಿಗೆ ತಾನೂ ಹೋಗಬೇಕಾ ಬೇಡವಾ ಗೊತ್ತಾಗಬೇಕಲ್ವಾ? ಅದಕ್ಕೆ ಕಿತಾ ಇದ್ದಲ್ಲಿ 'ಸಂತೆಗೆ ಹೋಗೋಣ' ಅಂತ ಬರೀತೀನಿ, ಕಾಮಿ ಇದ್ದಲ್ಲಿ 'ಸಂತೆಗೆ ಹೋಗಿ ಬರ್ತೀವಿ'.